72 ಗಂಟೆ, 96 ಗಂಟೆ: ಕೊರೊನಾ ಕಾಲದ ಮಾಲ್ಡೀವ್ಸ್ ಪ್ರವಾಸದ ಲೆಕ್ಕ

2021ರಲ್ಲಿ ಮಾಲ್ಡೀವ್ಸ್ ಪ್ರವಾಸಕ್ಕೆ ಹೊರಟವರು ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೊರೊನಾ ಪರೀಕ್ಷೆಯ ಲ್ಯಾಬ್ ರಿಪೋರ್ಟ್ ಕೊಟ್ಟರೆ, ಸಿಬ್ಬಂದಿ ‘ನೆಗೆಟಿವ್’ ಎಂಬ ಪದವನ್ನಷ್ಟೇ ನೋಡಿ ಸುಮ್ಮನಾಗುತ್ತಿರಲಿಲ್ಲ. ಹಾಳೆಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಇನ್ನೊಂದು ಸಾಲು ಅವರಿಗೆ ಬೇಕಿತ್ತು: ಮಾದರಿ ತೆಗೆದ ದಿನ ಮತ್ತು ಸಮಯ. ನೆಗೆಟಿವ್ ಆಗಿದ್ದೂ ವಿಮಾನ ಹತ್ತಲಾಗದೆ ಹೋದರೆ, ಸಮಸ್ಯೆ ಹೆಚ್ಚಾಗಿ ಈ ಸಾಲಿನಲ್ಲಿ ಇರುತ್ತಿತ್ತು, ಇಲ್ಲವೇ ಅದರ ಪಕ್ಕದ ಹೆಸರಿನ ಸಾಲಿನಲ್ಲಿ.

2021ರ ದಸರಾ ರಜೆಗೆ ಮಾಲ್ಡೀವ್ಸ್ ಪ್ಯಾಕೇಜುಗಳ ಜಾಹೀರಾತು ಮತ್ತೆ ಶುರುವಾಗಿತ್ತು. ಬೆಂಗಳೂರಿನಿಂದ ನೇರ ವಿಮಾನವಾದರೆ ಸುಮಾರು ಎರಡು ಗಂಟೆಯ ಹಾದಿ. ವೀಸಾಕ್ಕೆ ಮುಂಚಿತವಾಗಿ ಅರ್ಜಿ ಹಾಕಬೇಕಿಲ್ಲ, ಇಳಿದ ಮೇಲೆ ಪ್ರವಾಸಿ ವೀಸಾ ಉಚಿತವಾಗಿ ಸಿಗುತ್ತದೆ. ಇಷ್ಟು ಸಲೀಸಾದ ಪ್ರವಾಸಕ್ಕೆ ಕೊರೊನಾ ಸೇರಿಸಿದ್ದು ಗಂಟೆಗಳ ಲೆಕ್ಕ. ಹೋಗುವಾಗ ವಿಮಾನಕ್ಕೆ ಮುಂಚಿನ 96 ಗಂಟೆಯೊಳಗೆ ಪರೀಕ್ಷೆಯ ಮಾದರಿ ಕೊಟ್ಟಿರಬೇಕಿತ್ತು, ಬರುವಾಗ 72ರೊಳಗೆ, ನಡುವೆ ಆನ್‌ಲೈನ್ ಅರ್ಜಿಗೆ ಎರಡು ಸಲ 24. ಇದನ್ನು ಟಿಕೆಟ್ ತೆಗೆಯುವ ಮುಂಚೆಯೇ ವಿಮಾನದ ಸಮಯದಿಂದ ಹಿಂದಕ್ಕೆ ಎಣಿಸಿಕೊಳ್ಳಬೇಕಿತ್ತು. ಇಲ್ಲಿರುವುದು 2021ರ ಸೆಪ್ಟೆಂಬರ್ ಕೊನೆಯ ಸ್ಥಿತಿ, ಸಲಹೆಗಳೂ ಆಗ ಹೊರಟವರಿಗೆ. ಆ ಕೊರೊನಾ ನಿಯಮಗಳು ಈಗ ಜಾರಿಯಲ್ಲಿಲ್ಲ. ಹೊರಡುವ ವಾರ ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಈಗಿನ ನಿಯಮ ನೋಡಿಕೊಳ್ಳಿ.

ದ್ವೀಪಗಳು ಇಷ್ಟು ಬೇಗ ಬಾಗಿಲು ತೆರೆದದ್ದು ಹೇಗೆ

ಮಾಲ್ಡೀವ್ಸ್ ಅಂದರೆ ಸುಮಾರು 1,200 ಹವಳದ ದ್ವೀಪಗಳು. ಜನವಸತಿ ಇರುವುದು ಅವುಗಳಲ್ಲಿ ಇನ್ನೂರರಷ್ಟರಲ್ಲಿ ಮಾತ್ರ. ಬಳೆಯಂತೆ ಸುತ್ತುಗಟ್ಟಿದ ಹವಳದ ದಿಬ್ಬ, ಅದರ ಮೇಲೆ ಅಲ್ಲಲ್ಲಿ ತಲೆಯೆತ್ತಿದ ದ್ವೀಪಗಳು, ಮಧ್ಯೆ ತಿಳಿನೀರು: ಇಂಥ ಗುಂಪಿಗೆ ಅಟಾಲ್ ಎನ್ನುತ್ತಾರೆ. ಜಗತ್ತು ಬಳಸುವ ಈ ಪದ ಮಾಲ್ಡೀವ್ಸ್‌ನ ದಿವೇಹಿ ಭಾಷೆಯಿಂದಲೇ ಹೋದದ್ದು.

ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಹಳೆಯ ಪದ್ಧತಿ. ಪ್ರವಾಸಿಗಳು ವಿಮಾನ ಇಳಿದು ನೇರ ದೋಣಿಗೋ, ನೀರಿನ ಮೇಲೆ ಇಳಿಯುವ ಸೀಪ್ಲೇನಿಗೋ ಹತ್ತಿ ತಮ್ಮ ದ್ವೀಪ ಸೇರಿದರೆ, ಹೊರಡುವ ದಿನದವರೆಗೆ ಊರಿನವರ ಸಂಪರ್ಕಕ್ಕೆ ಬರುವುದೇ ಇಲ್ಲ. ಮೂಡಿಗೆರೆಯ ಹೋಂಸ್ಟೇಗೆ ಹೋದವರು ಪೇಟೆಯಲ್ಲಿ ಕಾಫಿ ಕುಡಿದು, ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಸಂತೆ ಸುತ್ತಿ ಬರುವ ಹಾಗಲ್ಲ ಇದು. ಸುತ್ತಲಿನ ಸಮುದ್ರವೇ ಬೇಲಿ. ಈ ಅನುಕೂಲ ನೋಡಿಕೊಂಡೇ 2020ರ ಜುಲೈ 15ರಂದು ಮಾಲ್ಡೀವ್ಸ್ ಎಲ್ಲ ದೇಶದವರಿಗೂ ಗಡಿ ತೆರೆಯಿತು. ಆಗ ಪರೀಕ್ಷೆಯ ರಿಪೋರ್ಟನ್ನೂ ಕೇಳಿರಲಿಲ್ಲ. ಸೆಪ್ಟೆಂಬರ್ 10ರಿಂದ, ಮೂಗು–ಗಂಟಲಿನ ಮಾದರಿಯಲ್ಲಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ಕಡ್ಡಾಯವಾಯಿತು.

ಜನವಸತಿ ದ್ವೀಪಗಳಲ್ಲಿರುವ ಗೆಸ್ಟ್ ಹೌಸುಗಳ ಕಥೆ ಬೇರೆ. ಅಲ್ಲಿ ಪಕ್ಕದ ಮನೆ, ಶಾಲೆ, ಮಸೀದಿ, ಅಂಗಡಿ ಎಲ್ಲವೂ ಇವೆ. ಹಾಗಾಗಿ ನಿಯಮ ಬಿಗಿಯಾದಾಗ ಮೊದಲ ಪೆಟ್ಟು ಬೀಳುತ್ತಿದ್ದುದು ಇವಕ್ಕೆ. ಭಾರತದಲ್ಲಿ ಎರಡನೇ ಅಲೆ ಏರಿದಾಗ ಆದದ್ದೂ ಅದೇ: 2021ರ ಏಪ್ರಿಲ್ 27ರಿಂದ ಭಾರತದಿಂದ ಬರುವವರು ಜನವಸತಿ ದ್ವೀಪಗಳಲ್ಲಿ ಉಳಿಯುವಂತಿಲ್ಲ ಎಂದಾಯಿತು, ಮೇ 13ರಿಂದ ದಕ್ಷಿಣ ಏಷ್ಯಾದ ಪ್ರವಾಸಿಗಳಿಗೆ ವೀಸಾವೇ ನಿಂತಿತು. ಮತ್ತೆ ತೆರೆದದ್ದು ಜುಲೈ 15ಕ್ಕೆ. ಗೆಸ್ಟ್ ಹೌಸ್ ರೆಸಾರ್ಟಿಗಿಂತ ಬಹಳ ಅಗ್ಗ, ನಿಜ. ಆದರೆ ಹಣ ವಾಪಸ್ ಬರುವ ಬುಕಿಂಗ್ ಇದ್ದರಷ್ಟೇ ಆಗ ಅದಕ್ಕೆ ಕೈಹಾಕುವುದು ಲೇಸಾಗಿತ್ತು.

ಇನ್ನು ‘ಏರ್ ಬಬಲ್’. ಭಾರತದಿಂದ ಮಾಮೂಲು ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್‌ನಿಂದ ನಿಂತಿದ್ದವು. ಆಗ ಹಾರುತ್ತಿದ್ದುದು ಎರಡೆರಡು ದೇಶಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದದ ವಿಮಾನಗಳು. ಇದರ ಪ್ರಾಯೋಗಿಕ ಅರ್ಥ ಇಷ್ಟೇ: ವಿಮಾನಗಳ ಸಂಖ್ಯೆ ಕಡಿಮೆ ಇತ್ತು. ನಿಮ್ಮದು ರದ್ದಾದರೆ ಮುಂದಿನದು ಅದೇ ಸಂಜೆ ಸಿಗಬೇಕೆಂದೇನಿರಲಿಲ್ಲ, ಮೂರು ದಿನ ಬಿಟ್ಟೂ ಇರಬಹುದಿತ್ತು. ಅಷ್ಟರಲ್ಲಿ ರಿಪೋರ್ಟಿನ ಅವಧಿ ಮುಗಿದಿರುತ್ತಿತ್ತು.

ಪಿಸಿಆರ್ ಯಂತ್ರ ನೋಡುವುದೇನನ್ನು

ಮೂಗು–ಗಂಟಲಿನ ಸ್ವಾಬ್‌ನಲ್ಲಿ ವೈರಸ್ ಇದ್ದರೂ ಅದರ ಪ್ರಮಾಣ ತೀರಾ ಅಲ್ಪ. ಆರ್‌ಟಿ-ಪಿಸಿಆರ್‌ನಲ್ಲಿ ಮೊದಲು ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ರೂಪಕ್ಕೆ ನಕಲು ಮಾಡುತ್ತಾರೆ. ಆಮೇಲೆ ಯಂತ್ರ ಅದರ ಒಂದು ನಿರ್ದಿಷ್ಟ ತುಣುಕನ್ನು ಒಂದು ಸುತ್ತಿಗೆ ಒಮ್ಮೆಯಂತೆ ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಒಂದೇ ಒಂದು ತುಣುಕು 30 ಸುತ್ತು ದುಪ್ಪಟ್ಟಾದರೆ 107 ಕೋಟಿ ಆಗುತ್ತದೆ. ಎಷ್ಟನೇ ಸುತ್ತಿಗೆ ಅದು ಯಂತ್ರದ ಕಣ್ಣಿಗೆ ಬಿತ್ತು ಎಂಬ ಸಂಖ್ಯೆಯೇ ಸಿಟಿ ವ್ಯಾಲ್ಯೂ.

ಹಾಲಿಗೆ ಹೆಪ್ಪು ಹಾಕುವವರಿಗೆ ಇದು ಗೊತ್ತಿರುವ ಲೆಕ್ಕವೇ. ಹೆಪ್ಪು ಜಾಸ್ತಿಯಾದರೆ ಮೊಸರು ಬೇಗ, ಒಂದೇ ತೊಟ್ಟಾದರೆ ತಡ. ವೈರಸ್ ಜಾಸ್ತಿಯಿದ್ದರೆ ಸಿಟಿ ಸಂಖ್ಯೆ ಕಡಿಮೆ, ಅಲ್ಪವಿದ್ದರೆ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ರಕಾರ 35ರೊಳಗೆ ಕಂಡರೆ ಪಾಸಿಟಿವ್.

ಹೋಲಿಕೆ ಕೈಕೊಡುವುದು ಒಂದು ಕಡೆ. ಸತ್ತ ಹೆಪ್ಪಿನಿಂದ ಮೊಸರಾಗದು, ಪಿಸಿಆರ್ ಮಾತ್ರ ಸತ್ತ ವೈರಸ್ಸಿನ ಚೂರುಪಾರನ್ನೂ ದುಪ್ಪಟ್ಟು ಮಾಡುತ್ತದೆ. ಸೋಂಕು ಬಂದು ವಾಸಿಯಾದವರಲ್ಲಿ ಕೆಲವರಿಗೆ ಮೂರು ತಿಂಗಳವರೆಗೂ ಪಾಸಿಟಿವ್ ಬರಲು ಇದೇ ಕಾರಣ. ಅವರಿಂದ ಇತರರಿಗೆ ಹರಡುವ ಸಂಭವ ಅಷ್ಟರಲ್ಲಿ ಮುಗಿದಿದ್ದರೂ ವಿಮಾನದ ಬಾಗಿಲಲ್ಲಿ ಅದನ್ನು ವಾದಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಕಳೆದ ಮೂರು ತಿಂಗಳಲ್ಲಿ ಕೋವಿಡ್ ಬಂದಿದ್ದರೆ ಟಿಕೆಟ್ ತೆಗೆಯುವ ಮೊದಲೇ ಅವರದೊಂದು ಪಿಸಿಆರ್ ಮಾಡಿಸಿ ನೋಡುವುದು ಒಳ್ಳೆಯದು. ಪಾಸಿಟಿವ್ ಬಂದರೆ ಪ್ರವಾಸ ಮುಂದಕ್ಕೆ ಹಾಕಿ.

ಹದಿನೈದು ನಿಮಿಷದ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಬೇರೆಯೇ. ಅದು ದುಪ್ಪಟ್ಟು ಮಾಡುವುದಿಲ್ಲ, ಇದ್ದದ್ದನ್ನು ಇದ್ದಷ್ಟೇ ನೋಡುತ್ತದೆ. ಮಾಲ್ಡೀವ್ಸ್ ಅದನ್ನು ಒಪ್ಪುತ್ತಿರಲಿಲ್ಲ. ಎರಡು ಡೋಸ್ ಲಸಿಕೆ ಆಗಿದ್ದರೂ ಪ್ರವಾಸಿಗಳಿಗೆ ಪಿಸಿಆರ್ ಬೇಕೇ ಬೇಕಿತ್ತು. ಹಾಗಾಗಿ ಕೊವಿಶೀಲ್ಡೋ ಕೊವ್ಯಾಕ್ಸಿನ್ನೋ ಎಂಬ ಪ್ರಶ್ನೆ ಇಲ್ಲಿ ಏಳುತ್ತಿರಲಿಲ್ಲ. ವಿನಾಯಿತಿ ಇದ್ದದ್ದು ಒಂದು ವರ್ಷದೊಳಗಿನ ಶಿಶುಗಳಿಗೆ.

ಗಂಟೆ ಎಣಿಸುವುದು ಎಲ್ಲಿಂದ

ಹಾಲಿನ ಪ್ಯಾಕೆಟ್ಟಿನ ಅವಧಿ ಡೈರಿಯಲ್ಲಿ ಪ್ಯಾಕ್ ಆದಾಗಿನಿಂದ ಲೆಕ್ಕ, ನಾವು ಅಂಗಡಿಯಲ್ಲಿ ಕೊಂಡಾಗಿನಿಂದಲ್ಲ. ಪಿಸಿಆರ್‌ ಕೂಡ ಹಾಗೆ. ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಮೂರು ಸಮಯ ಅಚ್ಚಾಗಿರುತ್ತವೆ: ಮಾದರಿ ತೆಗೆದದ್ದು, ಲ್ಯಾಬ್‌ಗೆ ತಲುಪಿದ್ದು, ಫಲಿತಾಂಶ ಬಂದದ್ದು. ಲೆಕ್ಕಕ್ಕೆ ಬರುತ್ತಿದ್ದುದು ಮೊದಲನೆಯದು. ಇನ್ನೊಂದು ತುದಿ, ನೀವು ಮಾಲ್ಡೀವ್ಸ್‌ಗೆ ಹೊರಡುವ ಮೊದಲ ನಿಲ್ದಾಣದಿಂದ ವಿಮಾನ ಹೊರಡಬೇಕಾದ ನಿಗದಿತ ಸಮಯ. ರಾಜಧಾನಿ ಮಾಲೆಯಲ್ಲಿ ಇಳಿಯುವ ಸಮಯವಲ್ಲ.

ಶುಕ್ರವಾರ ಬೆಳಿಗ್ಗೆ 10ಕ್ಕೆ ವಿಮಾನ ಎಂದಿಟ್ಟುಕೊಳ್ಳಿ. 96 ಗಂಟೆ ಹಿಂದಕ್ಕೆ ಹೋದರೆ ಸೋಮವಾರ ಬೆಳಿಗ್ಗೆ 10. ಅದಕ್ಕಿಂತ ಮುಂಚೆ ತೆಗೆದ ಮಾದರಿ ನಡೆಯುತ್ತಿರಲಿಲ್ಲ. ಹಾಗಂತ ಗುರುವಾರ ಸಂಜೆಯವರೆಗೆ ಕಾದರೆ ರಿಪೋರ್ಟ್ ಕೈಸೇರುವುದು ಅನುಮಾನ. ನಡುವೆ ಎಲ್ಲಿ? ಮಂಗಳವಾರ ಸಂಜೆ ಅಥವಾ ಬುಧವಾರ ಬೆಳಿಗ್ಗೆ. ಮಾದರಿ ಸರಿಯಾಗಿ ತೆಗೆದಿಲ್ಲದಿದ್ದರೆ ಕೆಲವೊಮ್ಮೆ ‘ನಿರ್ಣಯಿಸಲಾಗಿಲ್ಲ’ ಎಂಬ ರಿಪೋರ್ಟ್ ಬರುತ್ತದೆ. ಅದು ಪಾಸಿಟಿವ್ ಅಲ್ಲ, ನೆಗೆಟಿವ್ವೂ ಅಲ್ಲ, ಆದರೆ ವಿಮಾನಕ್ಕೆ ಉಪಯೋಗವಿಲ್ಲ. ಬುಧವಾರ ಬೆಳಿಗ್ಗೆ ಕೊಟ್ಟಿದ್ದರೆ ಗುರುವಾರ ಇನ್ನೊಂದು ಸಲ ಕೊಡಲು ಎಡೆ ಇರುತ್ತದೆ.

ಬೇರೆ ದೇಶದಲ್ಲಿ ಇಳಿದು ವಿಮಾನ ಬದಲಿಸುವವರಿಗೆ ಮತ್ತೊಂದು ಷರತ್ತಿತ್ತು: ನಡುವಿನ ತಂಗುವಿಕೆ 24 ಗಂಟೆ ಮೀರಿದರೆ ಅಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಬೇಕಿತ್ತು.

ಇನಿಷಿಯಲ್ ಎಂಬ ತಲೆನೋವು

ರಿಪೋರ್ಟಿನಲ್ಲಿ ಮಾಲ್ಡೀವ್ಸ್ ನೋಡುತ್ತಿದ್ದುದು ಇವನ್ನು: ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಲ್ಯಾಬ್‌ನ ಹೆಸರು ಮತ್ತು ವಿಳಾಸ, ಮಾದರಿ ತೆಗೆದ ದಿನ, ಪರೀಕ್ಷೆ ಪಿಸಿಆರ್ ಎಂಬ ಉಲ್ಲೇಖ. ಮೊದಲನೆಯದೇ ನಮ್ಮವರಿಗೆ ಕಷ್ಟ. ಆಧಾರ್‌ನಲ್ಲಿ ‘ಮಂಜುನಾಥ ಕೆ.ಎಸ್.’ ಅಂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಊರ ಹೆಸರೂ ಅಪ್ಪನ ಹೆಸರೂ ಪೂರ್ತಿಯಾಗಿ ಬಂದು ‘ಕಲ್ಲಹಳ್ಳಿ ಶಿವಣ್ಣ ಮಂಜುನಾಥ’ ಆಗಿರುತ್ತದೆ. ಮನೆಗೆ ಬಂದು ಸ್ವಾಬ್ ತೆಗೆಯುವ ಹುಡುಗ ಆಧಾರ್ ನೋಡಿ ಮೊಬೈಲಿನಲ್ಲಿ ಹೆಸರು ಕುಟ್ಟಿಕೊಂಡು ಹೋಗುತ್ತಿದ್ದ. ರಿಪೋರ್ಟ್ ಬರುತ್ತಿದ್ದುದು ಆಧಾರ್ ಹೆಸರಿನಲ್ಲಿ, ಟಿಕೆಟ್ ಇರುವುದು ಪಾಸ್‌ಪೋರ್ಟ್ ಹೆಸರಿನಲ್ಲಿ.

ಪರಿಹಾರ ಸುಲಭ, ಸ್ವಾಬ್ ತೆಗೆಯುವ ಮೊದಲೇ ಮಾಡಿದರೆ. ಪರೀಕ್ಷೆ ‘ವಿದೇಶ ಪ್ರಯಾಣಕ್ಕೆ’ ಎಂದು ಬುಕಿಂಗಿನಲ್ಲೇ ಹೇಳಿ. ಆಧಾರ್ ತೋರಿಸಬೇಡಿ, ಪಾಸ್‌ಪೋರ್ಟ್ ತೋರಿಸಿ. ರಿಪೋರ್ಟಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಅಚ್ಚು ಹಾಕುತ್ತಾರೆಯೇ ಎಂದು ಕೇಳಿ. ಕ್ಯೂಆರ್ ಕೋಡ್ ಇರುವ ರಿಪೋರ್ಟ್ ಬೇಕೆನ್ನಿ. ನೋಂದಣಿಯ ಹೊತ್ತಿಗೆ ಮೊಬೈಲಿಗೆ ನಿಮ್ಮ ಮಾದರಿಯನ್ನು ಗುರುತಿಸುವ ಎಸ್‌ಆರ್‌ಎಫ್ ಸಂಖ್ಯೆಯ ಸಂದೇಶ ಬಂದರೆ ಅದರಲ್ಲಿರುವ ಹೆಸರನ್ನು ಆಗಲೇ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಫಲಿತಾಂಶ ಬಂದ ಮೇಲೆ ತಿದ್ದಿಸಲು ಹೋದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಲಸಿಕೆ ಪ್ರಮಾಣಪತ್ರವೂ ಜತೆಗಿರಲಿ. ಕೋವಿನ್‌ನಲ್ಲಿ ಅದಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಸೇರಿಸುವ ಅವಕಾಶವಿತ್ತು. ಅಲ್ಲೂ ಇದೇ ಇನಿಷಿಯಲ್ ತಂಟೆ ಇರುವುದರಿಂದ ಮೊದಲು ಹೆಸರು ನೋಡಿ, ಆಮೇಲೆ ಸಂಖ್ಯೆ ಸೇರಿಸಿ.

ಇಮುಗಾ

ಇದು ಮಾಲ್ಡೀವ್ಸ್ ವಲಸೆ ಇಲಾಖೆಯ ಆನ್‌ಲೈನ್ ಆರೋಗ್ಯ ಘೋಷಣೆಯಾಗಿತ್ತು. 2021ರಲ್ಲಿ ಅದನ್ನು ವಿಮಾನ ಹೊರಡುವ ಮುಂಚಿನ 24 ಗಂಟೆಯ ಒಳಗೆ ತುಂಬಬೇಕಿತ್ತು. ನಮ್ಮ ಉದಾಹರಣೆಯಲ್ಲಿ ಗುರುವಾರ ಬೆಳಿಗ್ಗೆ 10ರ ನಂತರ. ಕೈಯಲ್ಲಿರಬೇಕಿದ್ದವು: ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಚಿತ್ರ, ನಿಮ್ಮದೊಂದು ಫೋಟೊ, ವಿಮಾನದ ಸಂಖ್ಯೆ, ರೆಸಾರ್ಟ್ ಬುಕಿಂಗ್, ಪಿಸಿಆರ್ ರಿಪೋರ್ಟ್. ತುಂಬಿದ ಮೇಲೆ ಬರುವ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದರ ಜತೆಗೆ ಒಂದು ಪ್ರಿಂಟ್ ತೆಗೆದುಕೊಳ್ಳಿ. ಇಳಿದ ಕೂಡಲೇ ನಿಮ್ಮ ಸಿಮ್‌ಗೆ ಅಲ್ಲಿ ಸಿಗ್ನಲ್ ಸಿಗಬೇಕೆಂದೇನಿಲ್ಲ.

ಮಕ್ಕಳೂ ಸೇರಿ ಒಬ್ಬೊಬ್ಬರಿಗೂ ಪ್ರತ್ಯೇಕ ಅರ್ಜಿ. ಐದು ಜನರ ಸಂಸಾರವಾದರೆ ಒಂದು ಗಂಟೆಯಾದರೂ ಹಿಡಿಯುತ್ತದೆ, ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಮಾಡುವ ಕೆಲಸವಲ್ಲ. ಇಮುಗಾಕ್ಕೆ ಶುಲ್ಕವಿಲ್ಲ. ಹಣ ಕೇಳುವ ಪುಟ ತೆರೆದುಕೊಂಡರೆ ಅದು ಸರ್ಕಾರದ ತಾಣವಲ್ಲ, ಮುಚ್ಚಿಬಿಡಿ. ಮಾಲ್ಡೀವ್ಸ್‌ನಿಂದ ಹೊರಡುವಾಗಲೂ ಇದೇ ಅರ್ಜಿಯನ್ನು ಇದೇ 24 ಗಂಟೆಯ ಲೆಕ್ಕದಲ್ಲಿ ಮತ್ತೆ ತುಂಬಬೇಕಿತ್ತು. ರಜೆಯ ಗುಂಗಿನಲ್ಲಿ ಮರೆತುಹೋಗುತ್ತಿದ್ದುದು ಈ ಎರಡನೆಯದು.

ವಾಪಸಾತಿಯ ಪರೀಕ್ಷೆ: ದೋಣಿ ಎಷ್ಟು ಹೊತ್ತಿಗೆ?

ಭಾರತಕ್ಕೆ ಮರಳಲು ಎರಡು ಬೇಕಿತ್ತು: ಪ್ರಯಾಣಕ್ಕೆ 72 ಗಂಟೆಯೊಳಗೆ ಮಾದರಿ ಕೊಟ್ಟ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಮತ್ತು ಭಾರತ ಸರ್ಕಾರದ ಏರ್ ಸುವಿಧಾ ತಾಣದಲ್ಲಿ ಸ್ವಯಂ ಘೋಷಣೆ. ಏರ್ ಸುವಿಧಾದಲ್ಲಿ ಹಿಂದಿನ 14 ದಿನದ ಪ್ರಯಾಣದ ವಿವರ ಕೇಳುತ್ತಿದ್ದರು, ಪಾಸ್‌ಪೋರ್ಟಿನ ಪ್ರತಿ ಮತ್ತು ರಿಪೋರ್ಟ್ ಏರಿಸಬೇಕಿತ್ತು. ಕಡತ ದೊಡ್ಡದಾದರೆ ತೆಗೆದುಕೊಳ್ಳುತ್ತಿರಲಿಲ್ಲ, ಆದ್ದರಿಂದ ಪಾಸ್‌ಪೋರ್ಟಿನ ಸಣ್ಣ ಪಿಡಿಎಫ್ ಒಂದನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಬೇಕಿತ್ತು.

ಲೆಕ್ಕ ಇಲ್ಲಿ ಬೆಂಗಳೂರಿನಷ್ಟು ಸರಳವಾಗಿರಲಿಲ್ಲ. ನಿಮ್ಮ ದ್ವೀಪದಲ್ಲಿ ಸ್ವಾಬ್ ತೆಗೆಯಬಹುದು, ಪಿಸಿಆರ್ ಯಂತ್ರ ಮಾತ್ರ ಇನ್ನೆಲ್ಲೋ ಇರುತ್ತಿತ್ತು. ಮಾದರಿ ಸ್ಪೀಡ್‌ಬೋಟಿನಲ್ಲೋ ವಿಮಾನದಲ್ಲೋ ಲ್ಯಾಬ್ ಇರುವ ದ್ವೀಪಕ್ಕೆ ಹೋಗಬೇಕಿತ್ತು. ಹಾಗಾಗಿ ರೆಸಾರ್ಟಿನವರು ಸ್ವಾಬ್‌ಗೆ ಸಮಯ ಗೊತ್ತುಮಾಡುತ್ತಿದ್ದುದು ದೋಣಿ ನೋಡಿಕೊಂಡು, ನಿಮ್ಮ ವಿಮಾನ ನೋಡಿಕೊಂಡಲ್ಲ.

ಮಂಗಳವಾರ ಮಧ್ಯಾಹ್ನ 2ಕ್ಕೆ ಮಾಲೆಯಿಂದ ವಿಮಾನ ಎನ್ನಿ. 72 ಗಂಟೆ ಹಿಂದೆ ಅಂದರೆ ಶನಿವಾರ ಮಧ್ಯಾಹ್ನ 2. ‘ಮಂಗಳವಾರ ಹೊರಡುವವರೆಲ್ಲ ಶನಿವಾರ 12ಕ್ಕೆ ಬನ್ನಿ’ ಎಂದು ಸ್ವಾಗತ ಮೇಜಿನವರು ಕರೆದರೆ, ದಿನದ ಲೆಕ್ಕದಲ್ಲಿ ಮೂರೇ ದಿನ. ಗಂಟೆಯ ಲೆಕ್ಕದಲ್ಲಿ 74. ರಾತ್ರಿ ವಿಮಾನದಲ್ಲಿ ಹೋಗುವವರಿಗೆ ಇನ್ನೂ ಹೆಚ್ಚು. ನೀವು ಕೇಳಬೇಕಾದದ್ದು ಭಾನುವಾರ ಬೆಳಗಿನ ಸ್ವಾಬ್. ಸೋಮವಾರದೊಳಗೆ ರಿಪೋರ್ಟ್ ಬರುತ್ತದೆ, ಬರದಿದ್ದರೆ ವಿಚಾರಿಸಲು ಒಂದು ಹಗಲು ಉಳಿದಿರುತ್ತದೆ. ಅಲ್ಲಿ ವಾರದ ರಜೆ ಶುಕ್ರವಾರ–ಶನಿವಾರ. ಆ ಎರಡು ದಿನ ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದೂ ಕೇಳಿಡಿ. ಮಾಲೆಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಎರಡು ತುದಿಯನ್ನೂ ಅಲ್ಲಿಯ ಸಮಯದಲ್ಲೇ ಎಣಿಸಿದರೆ ಗೊಂದಲವಿಲ್ಲ.

ಬುಕಿಂಗ್‌ಗೆ ಮುಂಚೆ ರೆಸಾರ್ಟಿಗೆ ಬರೆದು ಕೇಳಬೇಕಾದ ಪ್ರಶ್ನೆಗಳು ಇವೇ: ಸ್ವಾಬ್ ದ್ವೀಪದಲ್ಲೇ ತೆಗೆಯುತ್ತೀರಾ? ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ? ರಿಪೋರ್ಟಿಗೆ ಎಷ್ಟು ಸಮಯ? ಒಬ್ಬರಿಗೆ ಎಷ್ಟು ಡಾಲರ್, ದೋಣಿಯ ಖರ್ಚು ಅದರಲ್ಲಿ ಸೇರಿದೆಯೇ? ಉತ್ತರ ಇಮೇಲಿನಲ್ಲಿ ಇರಲಿ.

ನೀರಿನಾಳಕ್ಕೆ ಇಳಿಯುವ ಸ್ಕೂಬಾದವರಿಗೆ ಇನ್ನೊಂದು ಗಡಿಯಾರವೂ ಉಂಟು. ಆಳದ ಒತ್ತಡದಲ್ಲಿ ದೇಹದೊಳಗೆ ಕರಗಿದ ಸಾರಜನಕ ಹೊರಬರಲು ಹೊತ್ತು ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹಾರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವಂತೆ ಗುಳ್ಳೆಗಳಾಗುತ್ತವೆ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕೊನೆಯ ಡೈವ್‌ನಿಂದ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಸೀಪ್ಲೇನ್ ಕೂಡ ವಿಮಾನವೇ. ಮುಖವಾಡ ಹಾಕಿಕೊಂಡು ಮೇಲ್ಮೈಯಲ್ಲೇ ತೇಲುವ ಸ್ನಾರ್ಕ್ಲಿಂಗ್‌ಗೆ ಈ ನಿರ್ಬಂಧ ಇಲ್ಲ. ಕೋವಿಡ್ ಬಂದು ಹೋದವರು ಮಾತ್ರ ಶ್ವಾಸಕೋಶದ ಬಗ್ಗೆ ವೈದ್ಯರನ್ನು ಕೇಳದೆ ಸ್ಕೂಬಾಕ್ಕೆ ಇಳಿಯುವುದು ಬೇಡ.

ಅಲ್ಲಿ ಪಾಸಿಟಿವ್ ಬಂದರೆ

ಮೊದಲು ಎರಡು ಪದ. ಸೋಂಕು ತಗಲಿದವರನ್ನು ಬೇರೆ ಇರಿಸುವುದು ಐಸೊಲೇಶನ್. ಸೋಂಕಿತರ ಜತೆಗಿದ್ದವರನ್ನು, ತಗಲಿದೆಯೋ ಇಲ್ಲವೋ ಎಂದು ಕಾದುನೋಡಲು ಇರಿಸುವುದು ಕ್ವಾರಂಟೈನ್. ಒಂದೇ ಕೋಣೆಯಲ್ಲಿದ್ದ ನಾಲ್ವರಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಒಬ್ಬರಿಗೆ ಮೊದಲನೆಯದು, ಮೂವರಿಗೆ ಎರಡನೆಯದು. ಅಂದರೆ ನಾಲ್ವರ ಟಿಕೆಟ್ಟೂ ಹೋಯಿತು. ಅಜ್ಜ–ಅಜ್ಜಿಯೂ ಬರುತ್ತಿದ್ದರೆ ಎರಡು ಕೋಣೆ ತೆಗೆದುಕೊಳ್ಳುವುದಕ್ಕೆ ಇದೊಂದು ಗಟ್ಟಿ ಕಾರಣ.

ಕೆಲವು ರೆಸಾರ್ಟುಗಳು ಇಂಥವರಿಗೆಂದೇ ಕೋಣೆಗಳನ್ನು ಮೀಸಲಿಟ್ಟು ರಿಯಾಯಿತಿ ದರ ಕೊಡುತ್ತಿದ್ದವು, ಕೆಲವು ಪೂರ್ತಿ ಬಾಡಿಗೆ ಹಾಕುತ್ತಿದ್ದವು. ಇದನ್ನೂ ಬರೆಸಿಕೊಳ್ಳಿ. ಎರಡು ವಾರ ಹೆಚ್ಚಿಗೆ ಉಳಿಯಬೇಕಾಗಿ ಬಂದರೆ ನಿಮ್ಮ ಬಳಿ ರಜೆ, ಹಣ, ದಿನನಿತ್ಯದ ಮಾತ್ರೆ ಇವೆಯೇ ಎಂದು ನೋಡಿ. ಬಿಪಿ, ಸಕ್ಕರೆ ಕಾಯಿಲೆಯವರು ಐದು ದಿನದ ಪ್ರವಾಸಕ್ಕೂ ಇಪ್ಪತ್ತು ದಿನದ ಮಾತ್ರೆ, ಜತೆಗೆ ವೈದ್ಯರ ಚೀಟಿ ಇಟ್ಟುಕೊಳ್ಳಬೇಕು.

ಪ್ರವಾಸ ವಿಮೆ ತೆಗೆಯುವಾಗ ‘ಕೋವಿಡ್ ಸೇರಿದೆ’ ಎಂಬ ಒಂದು ಮಾತಿಗೆ ತೃಪ್ತರಾಗಬೇಡಿ. ಆಸ್ಪತ್ರೆ ಖರ್ಚು ಒಂದು, ಆಸ್ಪತ್ರೆಗೆ ಸೇರದೆ ಕೋಣೆಯಲ್ಲೇ ಉಳಿಯುವ ಖರ್ಚು ಇನ್ನೊಂದು, ಹೊರಡುವ ಮೊದಲೇ ಬೆಂಗಳೂರಿನಲ್ಲಿ ಪಾಸಿಟಿವ್ ಬಂದು ಪ್ರವಾಸ ರದ್ದಾದ ನಷ್ಟ ಮತ್ತೊಂದು. ಮೂರನ್ನೂ ಬೇರೆಬೇರೆಯಾಗಿ ಕೇಳಿ. ಬಹಳ ಪಾಲಿಸಿಗಳಲ್ಲಿ ಮೊದಲನೆಯದು ಇದ್ದು ಎರಡನೆಯದು ಇರುತ್ತಿರಲಿಲ್ಲ.

ಸೀಪ್ಲೇನ್, ಬಿಲ್ಲು, ಚೀಲ

ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆ ದಾಟಿ ಮಾಲೆಯಲ್ಲಿ ಇಳಿದರೆ ಅಂದಿನ ಕೊನೆಯ ಸೀಪ್ಲೇನ್ ತಪ್ಪುವ ಸಾಧ್ಯತೆಯೇ ಹೆಚ್ಚು. ಆಗ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆ ದ್ವೀಪದಲ್ಲಿ ಒಂದು ರಾತ್ರಿ ಕಳೆಯಬೇಕು, ಆ ರಾತ್ರಿಯ ಹೋಟೆಲನ್ನೂ ಇಮುಗಾದಲ್ಲಿ ತೋರಿಸಬೇಕು. ಸಂಜೆಯ ವಿಮಾನವೇ ಸಿಕ್ಕಿದರೆ ಸ್ಪೀಡ್‌ಬೋಟಿನಲ್ಲಿ ತಲುಪಬಹುದಾದ, ಮಾಲೆಗೆ ಹತ್ತಿರದ ರೆಸಾರ್ಟ್ ಆರಿಸಿಕೊಳ್ಳಿ. ಸೀಪ್ಲೇನಿನ ಸಾಮಾನು ಮಿತಿ ಒಬ್ಬರಿಗೆ 20 ಕಿಲೋ, ಕೈಚೀಲ 5 ಕಿಲೋ. ಮೀರಿದ ಕಿಲೋಗೆ ದುಡ್ಡು.

ರೆಸಾರ್ಟಿನ ದರದ ಪಕ್ಕ ಎರಡು ಕೂಡು ಚಿಹ್ನೆ (++) ಇದ್ದರೆ ಸೇವಾ ಶುಲ್ಕ ಮತ್ತು ತೆರಿಗೆ ಬೇರೆ ಎಂದು ಅರ್ಥ. 2021ರಲ್ಲಿ ಸೇವಾ ಶುಲ್ಕ ಶೇ 10, ಅದು ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಶೇ 12 ಇತ್ತು. ಹೀಗೆ 1,000 ಡಾಲರ್ ಎಂದದ್ದು 1,232 ಆಗುತ್ತಿತ್ತು. ಇದರ ಮೇಲೆ ಹಸಿರು ತೆರಿಗೆ, ರೆಸಾರ್ಟಿನಲ್ಲಿ ಒಬ್ಬರಿಗೆ ದಿನಕ್ಕೆ 6 ಡಾಲರ್, ಗೆಸ್ಟ್ ಹೌಸಿನಲ್ಲಿ 3 ಇತ್ತು. ದಂಪತಿಗೆ ನಾಲ್ಕು ರಾತ್ರಿ ರೆಸಾರ್ಟಿನಲ್ಲಿ 48 ಡಾಲರ್ ಆಗುತ್ತಿತ್ತು. ಪಿಸಿಆರ್ ಖರ್ಚು ಇದರಲ್ಲಿ ಬಂದಿಲ್ಲ.

ಚೀಲದಲ್ಲಿ ಮಾಸ್ಕ್, ಸ್ಯಾನಿಟೈಸರ್ ಹೇಗೂ ಇರುತ್ತವೆ. ಇನ್ನೊಂದು ವಸ್ತು ಸೇರಿಸಿ: ಸ್ವಂತದ ಸ್ನಾರ್ಕೆಲ್ ಕೊಳವೆ. ಬಾಡಿಗೆಯದು ಎಷ್ಟೋ ಜನರ ಬಾಯಿಗೆ ಹೋಗಿ ಬಂದಿರುತ್ತದೆ. ಅಕ್ಟೋಬರ್ ಅಲ್ಲಿ ನೈರುತ್ಯ ಮಳೆಗಾಲದ ಕೊನೆ, ಆದ್ದರಿಂದ ದಾಖಲೆಗಳ ಪ್ರಿಂಟುಗಳಿಗೆ ಒಂದು ಪ್ಲಾಸ್ಟಿಕ್ ಲಕೋಟೆ.

ಬಿಟ್ಟು ಹೋಗಬೇಕಾದವೂ ಇವೆ. ಪೂಜೆಯ ವಿಗ್ರಹಗಳನ್ನು ಒಯ್ಯಲು ಮಾಲ್ಡೀವ್ಸ್ ಕಾನೂನು ಬಿಡುವುದಿಲ್ಲ, ಪ್ರಯಾಣದಲ್ಲಿ ಸದಾ ಜತೆಗಿರುವ ಪುಟ್ಟ ಗಣಪ ಈ ಸಲ ದೇವರ ಕೋಣೆಯಲ್ಲೇ ಇರಲಿ. ಹಂದಿಮಾಂಸದ ತಿನಿಸಿಗೂ ಮದ್ಯಕ್ಕೂ ಪ್ರವೇಶವಿಲ್ಲ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನೂ ಮಾಲೆಯ ಕಸ್ಟಮ್ಸ್‌ನವರು ತೆಗೆದಿಟ್ಟುಕೊಂಡು ರಸೀದಿ ಕೊಡುತ್ತಾರೆ. ಹೊರಡುವ ದಿನ ಆ ರಸೀದಿ ತೋರಿಸಿ ವಾಪಸ್ ಪಡೆಯಬೇಕು, ಅದಕ್ಕೆ ಚೆಕ್-ಇನ್‌ಗಿಂತ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರಿ.